ಕಲ್ಲಿಗೊಂದು ಸರ್ವೆ ನಂಬರು

2013ರಲ್ಲಿ ಮಹಾಲೆಕ್ಕಪರಿಶೋಧಕರು ಸಂಸತ್ತಿಗೆ ಒಪ್ಪಿಸಿದ ಒಂದು ವರದಿ ಸಾಕಷ್ಟು ಸುದ್ದಿಯಾಗಿತ್ತು. ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳ ಪೈಕಿ 1,655ನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿದಾಗ 92 ಸ್ಮಾರಕಗಳು ಕಾಣಸಿಗಲಿಲ್ಲ. ಆಮೇಲೆ ಹುಡುಕಾಟ ನಡೆದು 42 ಸಿಕ್ಕವು. 14 ಊರುಗಳ ಬೆಳವಣಿಗೆಯಲ್ಲಿ ಅಳಿದಿದ್ದವು, 12 ಜಲಾಶಯಗಳಲ್ಲಿ ಮುಳುಗಿದ್ದವು. ಉಳಿದ 24ರ ಪತ್ತೆಯೇ ಆಗಲಿಲ್ಲ. 2024ರಲ್ಲಿ ಇಲಾಖೆ 18 ಸ್ಮಾರಕಗಳನ್ನು ಪಟ್ಟಿಯಿಂದ ಕೈಬಿಡಲು ಮುಂದಾಯಿತು. ಹರಿಯಾಣದ ಮುಜೇಸರ್‌ನ 13ನೇ ಕೋಸ್ ಮಿನಾರ್, ಝಾನ್ಸಿ ಜಿಲ್ಲೆಯ ಗನ್ನರ್ ಬರ್ಕಿಲ್ ಸಮಾಧಿ ಅವುಗಳಲ್ಲಿ ಸೇರಿದ್ದವು. ಕರ್ನಾಟಕದ ಯಾವುದೂ ಆ ಹದಿನೆಂಟರಲ್ಲಿ ಇರಲಿಲ್ಲ.

ಹಾಗೆಂದು ನಾವು ನೆಮ್ಮದಿಯಿಂದ ಇರುವಂತಿಲ್ಲ. ಒಂದು ಸ್ಮಾರಕ ಕಾಣೆಯಾಗಿದೆ ಎಂದು ತಿಳಿಯಬೇಕಾದರೆ ಅದು ಮೊದಲು ಯಾವುದಾದರೂ ಪಟ್ಟಿಯಲ್ಲಿರಬೇಕು. ನಮ್ಮ ರಾಜ್ಯದಲ್ಲಿ ಕೇಂದ್ರದ ರಕ್ಷಣೆಯಲ್ಲಿರುವವು 500ರ ಆಸುಪಾಸು, ರಾಜ್ಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವವು 800ಕ್ಕೂ ಹೆಚ್ಚು. ಊರೂರಿನ ವೀರಗಲ್ಲು, ಮಾಸ್ತಿಕಲ್ಲು, ಹಾಳುಗುಡಿ, ಬೂದಿದಿಬ್ಬ, ಕಲ್ಗೋರಿ, ಕಲ್ಯಾಣಿ, ಕೋಟೆಯ ಬುರುಜು ಇವುಗಳಲ್ಲಿ ಬಹುಪಾಲು ಈ ಎರಡೂ ಪಟ್ಟಿಗಳ ಹೊರಗಿವೆ. ಅವು ಮಾಯವಾದರೆ ಲೆಕ್ಕ ಕೇಳಲು ಯಾರೂ ಬರುವುದಿಲ್ಲ.

ಆದರೆ ರಕ್ಷಿತ ಪಟ್ಟಿಯಲ್ಲಿ ಇಲ್ಲದ್ದು ದಾಖಲೆಯಲ್ಲೇ ಇಲ್ಲ ಎಂದು ತಿಳಿಯಬಾರದು. ಕನ್ನಡನಾಡಿನ ಹಳ್ಳಿಗಳನ್ನು ಸುತ್ತಿ, ಗುಡಿ ಮತ್ತು ಕಲ್ಲುಗಳನ್ನು ಬರೆದಿಟ್ಟುಕೊಂಡ ಸರ್ಕಾರಿ ಕೆಲಸಕ್ಕೆ ಹತ್ತಿರ ಹತ್ತಿರ 140 ವರ್ಷಗಳ ಇತಿಹಾಸವಿದೆ. ಜನರ ಹಣದಲ್ಲಿ ಆದ ಕೆಲಸ ಅದು, ಜನ ನೋಡಬಹುದಾದ ದಾಖಲೆ. ನಮ್ಮೂರಿನ ಬಗ್ಗೆ ಅದರಲ್ಲಿ ಏನಿದೆ ಎಂದು ಹೋಗಿ ನೋಡುವವರು ಮಾತ್ರ ತೀರಾ ಕಡಿಮೆ.

ಯಾರ ಆಳ್ವಿಕೆಯಲ್ಲಿದ್ದ ಊರು?

ಹುಡುಕಾಟ ಶುರುಮಾಡುವವರು ಮೊದಲು ತಿಳಿದುಕೊಳ್ಳಬೇಕಾದದ್ದು, 1956ರ ಏಕೀಕರಣಕ್ಕೆ ಮುಂಚೆ ತಮ್ಮ ಊರು ಯಾರ ಆಡಳಿತದಲ್ಲಿತ್ತು ಎಂಬುದನ್ನು. ದಾಖಲೆ ಯಾವ ಪುಸ್ತಕದಲ್ಲಿದೆ, ಯಾವ ನಗರದ ಕಪಾಟಿನಲ್ಲಿದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಹಳೆ ಮೈಸೂರು ಸಂಸ್ಥಾನದವರು ಈ ವಿಷಯದಲ್ಲಿ ಪುಣ್ಯವಂತರು. 1885ರಲ್ಲಿ ಅಲ್ಲಿ ಪುರಾತತ್ವ ಇಲಾಖೆ ಹುಟ್ಟಿತು. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅದರ ಹೊಣೆ ಹೊತ್ತರು. 1886ರಲ್ಲಿ ಕೊಡಗಿನ ಶಾಸನಗಳ ಸಂಪುಟದೊಂದಿಗೆ ಶುರುವಾದ 'ಎಪಿಗ್ರಾಫಿಯಾ ಕರ್ನಾಟಿಕಾ' ಮುಂದಿನ ಎರಡು ದಶಕಗಳಲ್ಲಿ ಹನ್ನೆರಡು ಸಂಪುಟಗಳಾಗಿ ಹೊರಬಂತು. ಸುಮಾರು 9,000 ಶಾಸನಗಳು ಅವುಗಳಲ್ಲಿವೆ. ಎರಡನೆಯ ಸಂಪುಟ ಶ್ರವಣಬೆಳಗೊಳಕ್ಕೇ ಮೀಸಲು. ಮೂರು ಮತ್ತು ನಾಲ್ಕು ಮೈಸೂರು ಜಿಲ್ಲೆಯವು, ಐದು ಹಾಸನ, ಆರು ಆಗಿನ ಕಡೂರು ಜಿಲ್ಲೆ, ಅಂದರೆ ಇಂದಿನ ಚಿಕ್ಕಮಗಳೂರು. ಏಳು, ಎಂಟು ಶಿವಮೊಗ್ಗ. ಮಿಕ್ಕ ನಾಲ್ಕರಲ್ಲಿ ಕ್ರಮವಾಗಿ ಬೆಂಗಳೂರು, ಕೋಲಾರ, ಚಿತ್ರದುರ್ಗ, ತುಮಕೂರು. ಮಂಡ್ಯದವರು ಮೈಸೂರಿನ ಸಂಪುಟ ತೆರೆಯಬೇಕು, ದಾವಣಗೆರೆಯವರು ಚಿತ್ರದುರ್ಗದ್ದು, ಚಿಕ್ಕಬಳ್ಳಾಪುರದವರು ಕೋಲಾರದ್ದು. ಜಿಲ್ಲೆಗಳು ಒಡೆದಿವೆ, ತಾಲ್ಲೂಕುಗಳ ಹೆಸರು ಬದಲಾಗಿದೆ. ಸಕಲೇಶಪುರದ ಕಡೆಯವರು ಮಂಜರಾಬಾದ್ ಎಂದೂ ರಾಮನಗರದವರು ಕ್ಲೋಸ್‌ಪೇಟೆ ಎಂದೂ ಹುಡುಕಬೇಕಾಗುತ್ತದೆ.

ಈ ಸಂಪುಟಗಳಲ್ಲಿ ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನ ಕೆಳಗೆ ಒಂದು ಸಂಖ್ಯೆ ಇದೆ. ತಾಳಗುಂದದ ಕದಂಬರ ಕಂಬ ಏಳನೆಯ ಸಂಪುಟದಲ್ಲಿ ಶಿಕಾರಿಪುರ 176. ವಿದ್ವಾಂಸರು ಇಂದಿಗೂ ಆ ಕಂಬವನ್ನು ಆ ಸಂಖ್ಯೆಯಿಂದಲೇ ಗುರುತಿಸುತ್ತಾರೆ. ನಿಮ್ಮೂರಿನ ಹನುಮಂತನ ಗುಡಿಯ ಹಿಂದಿರುವ ಕಲ್ಲಿಗೂ ಅಂಥದ್ದೊಂದು ಸಂಖ್ಯೆ ಇರಬಹುದು. ಸಂಖ್ಯೆಯ ಜೊತೆಗೆ ಹೋಬಳಿ, ಗ್ರಾಮ, ಕಲ್ಲು ನಿಂತ ಜಾಗ, ಅದರ ಅಳತೆ, ಆಮೇಲೆ ಕನ್ನಡ ಲಿಪಿಯಲ್ಲಿ ಪೂರ್ತಿ ಪಾಠ. ಮೊದಲ ಸಲ ಈ ಪುಟ ತೆರೆದು ತಮ್ಮೂರಿನ ಹೆಸರು ಕಂಡವರ ಮುಖವನ್ನು ನೋಡಿಯೇ ತಿಳಿಯಬೇಕು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಇವುಗಳ ಪರಿಷ್ಕೃತ ಆವೃತ್ತಿಯನ್ನು ತರುತ್ತ ಬಂದಿದೆ. ಅದರಲ್ಲಿ ಸಂಪುಟಗಳ ಜೋಡಣೆಯೂ ಸಂಖ್ಯೆಗಳೂ ಬೇರೆ. ಯಾರಾದರೂ ಒಂದು ಸಂಖ್ಯೆ ಹೇಳಿದರೆ ಅದು ಹಳೆಯದೋ ಪರಿಷ್ಕೃತವೋ ಎಂದು ಕೇಳಿಕೊಳ್ಳದಿದ್ದರೆ ದಾರಿ ತಪ್ಪುತ್ತದೆ.

ರೈಸ್ ನಂತರ ಆರ್. ನರಸಿಂಹಾಚಾರ್, ಆರ್. ಶಾಮಾಶಾಸ್ತ್ರಿ, ಎಂ.ಎಚ್. ಕೃಷ್ಣ ಇಲಾಖೆಯನ್ನು ನಡೆಸಿದರು. ಅವರ ಕಾಲದ ವಾರ್ಷಿಕ ವರದಿಗಳು ಇನ್ನೊಂದು ಭಂಡಾರ. ಅವುಗಳಲ್ಲಿ ಶಾಸನಗಳ ಜೊತೆ ದೇವಾಲಯಗಳ ತಳವಿನ್ಯಾಸ, ಫೋಟೊ, ನಾಣ್ಯ, ಉತ್ಖನನದ ವಿವರ ಎಲ್ಲವೂ ಇವೆ. ಐದನೆಯ ಶತಮಾನದ್ದೆಂದು ಹೇಳುವ ಹಲ್ಮಿಡಿ ಶಾಸನ ರೈಸ್‌ರ ಹಾಸನ ಸಂಪುಟದಲ್ಲಿ ಇಲ್ಲ. ಬೇಲೂರು ತಾಲ್ಲೂಕಿನ ಆ ಹಳ್ಳಿಯ ವೀರಭದ್ರ ಗುಡಿಯ ಮುಂದಿದ್ದ ಕಲ್ಲನ್ನು ಲೋಕಕ್ಕೆ ತಿಳಿಸಿದ್ದು ಎಂ.ಎಚ್. ಕೃಷ್ಣ, 1936ರ ವರದಿಯಲ್ಲಿ. ಸಂಪುಟದಲ್ಲಿ ನಿಮ್ಮೂರು ಸಿಗದಿದ್ದರೆ ಕೈಚೆಲ್ಲಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ.

ಮುಂಬಯಿ ಪ್ರಾಂತದಲ್ಲಿದ್ದ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡದವರ ದಾರಿ ಬೇರೆ. 1880ರ ದಶಕದ ಬಾಂಬೆ ಗೆಜೆಟಿಯರ್‌ಗಳು ಊರೂರಿನ ಗುಡಿ, ಮಸೀದಿ, ಕೋಟೆಗಳನ್ನು ಹೆಸರು ಹಿಡಿದು ವಿವರಿಸುತ್ತವೆ. ಹೆನ್ರಿ ಕಸಿನ್ಸ್ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ತಂದ ಗ್ರಂಥದ ಫೋಟೊಗಳಲ್ಲಿ ಹಲವು ಗುಡಿಗಳು ಇಂದಿನ ದುರಸ್ತಿ, ಸುಣ್ಣ ಬಣ್ಣಗಳಿಗೆ ಮುಂಚಿನ ರೂಪದಲ್ಲಿ ಸಿಗುತ್ತವೆ. ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಸಂಪುಟಗಳಲ್ಲಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆಗಳಲ್ಲಿ ಇವೆ. ಮದರಾಸಿಗೆ ಸೇರಿದ್ದ ಬಳ್ಳಾರಿ ಮತ್ತು ದಕ್ಷಿಣ ಕನ್ನಡದವರಿಗೂ ಅದೇ ಮಾಲೆ, ಜೊತೆಗೆ 1887ರಿಂದ ಬಂದ ಶಾಸನ ವಾರ್ಷಿಕ ವರದಿಗಳು. ಬೀದರ್, ಕಲಬುರಗಿ, ರಾಯಚೂರಿನ ಕಡೆಯವರು ನಿಜಾಮರ ಹೈದರಾಬಾದಿನ ಪುರಾತತ್ವ ಇಲಾಖೆಯ ವರದಿಗಳನ್ನು ನೋಡಬೇಕು. 1915ರಲ್ಲಿ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಅಶೋಕನ ಶಾಸನವನ್ನು ಮೊದಲು ಪ್ರಕಟಿಸಿದ್ದು ಆ ಇಲಾಖೆಯೇ.

ಇವುಗಳಲ್ಲಿ ಬಹಳಷ್ಟು ಈಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ, ಕೇಂದ್ರ ಸಂಸ್ಕೃತಿ ಸಚಿವಾಲಯದ 'ಇಂಡಿಯನ್ ಕಲ್ಚರ್' ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಅಚ್ಚನ್ನು ಯಂತ್ರ ಸರಿಯಾಗಿ ಓದುವುದಿಲ್ಲ. ಊರಿನ ಹೆಸರನ್ನು ಹುಡುಕುವ ಚೌಕದಲ್ಲಿ ಹಾಕಿ ಏನೂ ಬರಲಿಲ್ಲ ಎಂದು ಬಿಟ್ಟವರು ಬಹಳ ಮಂದಿ ಇದ್ದಾರೆ. ತಾಲ್ಲೂಕಿನ ಪುಟಗಳಿಗೆ ಹೋಗಿ, ಒಂದೊಂದೇ ಹಾಳೆ ತಿರುವಿ ನೋಡುವುದೇ ಸರಿಯಾದ ಕ್ರಮ. ಒಂದು ಸಂಜೆಯ ಕೆಲಸ ಅಷ್ಟೆ.

ಅಚ್ಚು ಮೈಸೂರಿನಲ್ಲಿ, ಕಲ್ಲು ಹೊಲದಲ್ಲಿ

ಮುದ್ರಿತ ಪುಸ್ತಕದ ಹಿಂದೆ ಇನ್ನೊಂದು ದಾಖಲೆ ಇದೆ. ಶಾಸನ ಪತ್ತೆಯಾದಾಗ ಅದರ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಅಕ್ಷರದ ಗುಳಿಗಳಿಗೆ ಕೂರಿಸಿ, ಮೇಲೆ ಮಸಿ ಲೇಪಿಸಿ ಪಡಿಯಚ್ಚು ತೆಗೆಯುತ್ತಾರೆ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಕಚೇರಿ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂತು. ಒಂದು ಶತಮಾನಕ್ಕೂ ಮೀರಿದ ಅವಧಿಯಲ್ಲಿ ತೆಗೆದ ಹತ್ತಾರು ಸಾವಿರ ಪಡಿಯಚ್ಚುಗಳು ಅಲ್ಲಿ ಸೇರಿದವು. ನೂರು ವರ್ಷಗಳ ಮಳೆ ಗಾಳಿಗೆ, ಎಣ್ಣೆ ಅರಿಶಿನಕ್ಕೆ, ಕೊನೆಗೆ ಗುಡಿಯ ಜೀರ್ಣೋದ್ಧಾರದ ಎನಾಮಲ್ ಬಣ್ಣಕ್ಕೆ ಸಿಕ್ಕು ಕಲ್ಲಿನ ಮೇಲೆ ಅಳಿಸಿಹೋದ ಸಾಲು ಆ ಕಾಗದದ ಮೇಲೆ ಉಳಿದಿರಬಹುದು. ಸಂಶೋಧಕರು ಮಾತ್ರ ನೋಡಬೇಕಾದ ವಸ್ತು ಎಂದು ಹಳ್ಳಿಯವರು ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಕಾರಣವಿಲ್ಲ. ಶಾಸನದ ಸಂಖ್ಯೆ, ವರದಿಯ ವರ್ಷ ಬರೆದು ಅರ್ಜಿ ಕೊಟ್ಟು ಕೇಳಬಹುದು.

ತೊಡಕು ಬರುವುದು ಬೇರೆ ಕಡೆ. ಹಳೆಯ ದಾಖಲೆಗಳು ಜಾಗವನ್ನು ಹೇಳುವ ರೀತಿ ಆ ಕಾಲಕ್ಕೆ ಸಾಕಾಗುತ್ತಿತ್ತು. ಊರ ಮುಂದಿನ ಗುಡಿಯ ಬಲಕ್ಕೆ, ಕೆರೆ ಏರಿಯ ತೂಬಿನ ಬಳಿ, ಇಂಥ ಗೌಡರ ಹೊಲದಲ್ಲಿ ಎಂದು ಬರೆದರೆ ಮುಂದೆ ಬಂದವರಿಗೆ ಶಾನುಭೋಗರು ಕರೆದೊಯ್ದು ತೋರಿಸುತ್ತಿದ್ದರು. ಈಗ ಆ ಗೌಡರ ಮರಿಮಕ್ಕಳ ಕಾಲ. ಹೊಲ ಐದಾರು ಪಾಲಾಗಿದೆ, ತೂಬು ಮುಚ್ಚಿದೆ, ಊರೇ ಪಕ್ಕಕ್ಕೆ ಸರಿದಿದೆ. ಪುರಾತತ್ವದ ಪುಸ್ತಕಕ್ಕೆ ಶಾಸನದ ಪೂರ್ತಿ ಪಾಠ ಗೊತ್ತು, ಅದು ಯಾವ ಸರ್ವೆ ನಂಬರಿನಲ್ಲಿದೆ ಎಂದು ಗೊತ್ತಿಲ್ಲ. ತಾಲ್ಲೂಕು ಕಚೇರಿಯ ಪಹಣಿಗೆ ಸರ್ವೆ ನಂಬರು, ಗುಂಟೆ, ಆಣೆ ಎಲ್ಲ ಗೊತ್ತು, ಅಲ್ಲೊಂದು ಶಾಸನ ಇದೆ ಎಂದು ಗೊತ್ತಿಲ್ಲ. ಇಬ್ಬರೂ ಸರ್ಕಾರದವರೇ, ಒಬ್ಬರ ಕಾಗದ ಇನ್ನೊಬ್ಬರ ಮೇಜಿಗೆ ಹೋಗಿಲ್ಲ. ಲೇಔಟ್‌ಗೆ ಜಮೀನು ಪರಿವರ್ತನೆ ಆಗುವಾಗ, ಕ್ವಾರಿಗೆ ಪರವಾನಗಿ ಕೊಡುವಾಗ, ರಸ್ತೆ ಅಗಲ ಮಾಡುವಾಗ ಅಧಿಕಾರಿಗಳು ತೆರೆಯುವುದು ಪಹಣಿಯನ್ನು. ಶಾಸನ ಸಂಪುಟವನ್ನು ಯಾರೂ ತೆರೆಯುವುದಿಲ್ಲ. ಕಲ್ಲುಗಳು ಕಳೆದುಹೋಗುತ್ತಿರುವುದು ಈ ಕಂದಕದಲ್ಲಿ.

ಬಳ್ಳಾರಿ ಪಕ್ಕದ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳನ್ನು ನೋಡಿ. ಅಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಎತ್ತುಗಳ, ಮನುಷ್ಯರ ಚಿತ್ರಗಳನ್ನು ಫಾಸೆಟ್ ಎಂಬ ಅಧಿಕಾರಿ 1892ರಲ್ಲೇ ವಿವರಿಸಿದ್ದರು. ನವಶಿಲಾಯುಗದ ಜನ ಅಲ್ಲಿ ಕೊಡಲಿ ತಯಾರಿಸುತ್ತಿದ್ದರು, ಹೊಡೆದರೆ ನಾದ ಹೊಮ್ಮುವ ಬಂಡೆಗಳು ಅಲ್ಲಿವೆ. ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮೊದಲಾದವರು 2000ದ ದಶಕದ ಆರಂಭದಲ್ಲಿ ಅವನ್ನು ವಿಸ್ತಾರವಾಗಿ ದಾಖಲಿಸುವ ಹೊತ್ತಿಗೆ ಗ್ರಾನೈಟ್ ಕ್ವಾರಿ ಗುಡ್ಡದ ಮೈಯನ್ನು ಕಡಿಯತೊಡಗಿತ್ತು. ನೂರಕ್ಕೂ ಹೆಚ್ಚು ವರ್ಷಗಳಿಂದ ವಿದ್ವತ್ ಲೋಕಕ್ಕೆ ಗೊತ್ತಿದ್ದ ಜಾಗ ಅದು.

ಹಾಗಾಗಿ ಹುಡುಕಾಟದ ಎರಡನೆಯ ಹಂತ ಕಂದಾಯ ಇಲಾಖೆಯಲ್ಲಿ. ರಾಜ್ಯದ ಗ್ರಾಮ ನಕ್ಷೆಗಳು ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಸಿಗುತ್ತವೆ. ದಿಶಾಂಕ್ ಆ್ಯಪ್ ಹಾಕಿಕೊಂಡು ಕಲ್ಲಿನ ಪಕ್ಕ ನಿಂತರೆ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ಮೊಬೈಲ್ ತೋರಿಸುತ್ತದೆ. ಆ ನಂಬರಿನ ಪಹಣಿಯನ್ನು ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ಖರಾಬಿನ ಕಾಲಂ ಗಮನಿಸಿ. ದಾರಿ, ಹಳ್ಳ, ಸ್ಮಶಾನ, ಗುಡಿ ಮೊದಲಾದ ಸಾರ್ವಜನಿಕ ಜಾಗ ಬಿ ಖರಾಬಿನಲ್ಲಿ ಬರುತ್ತದೆ. ಅದನ್ನು ಖಾತೆದಾರ ತನ್ನದೆನ್ನುವಂತಿಲ್ಲ. ತಾಲ್ಲೂಕು ರೆಕಾರ್ಡ್ ರೂಮಿನ ಕೈಬರಹದ ಪಹಣಿ, ಸರ್ವೆ ಇಲಾಖೆಯ ಟಿಪ್ಪಣಿ, ಆಕಾರಬಂದ್ ಇನ್ನೂ ಹಿಂದಕ್ಕೆ ಕರೆದೊಯ್ಯುತ್ತವೆ. ಬೇಚರಾಕ್ ಗ್ರಾಮಗಳ ನಕ್ಷೆಯನ್ನು ಬಿಡದೆ ನೋಡಬೇಕು. ಜನ ಬಿಟ್ಟುಹೋದ ಆ ಊರುಗಳ ನಿವೇಶನಗಳಲ್ಲೇ ಹಾಳುಗುಡಿ, ವೀರಗಲ್ಲುಗಳು ಗುಂಪಾಗಿ ಸಿಗುವುದು. ತಾಲ್ಲೂಕುಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಈಗ ರಾಜ್ಯದಲ್ಲಿ ನಡೆಯುತ್ತಿದೆ. ಹರಿಯುವ ಸ್ಥಿತಿಯಲ್ಲಿದ್ದ ಕಾಗದಗಳನ್ನು ಇನ್ನು ಮುಂದೆ ಪರದೆಯ ಮೇಲೆ ಓದಬಹುದು ಎಂಬುದು ಸಣ್ಣ ವಿಷಯವಲ್ಲ.

ಬೆಂಗಳೂರಿನಲ್ಲಿ ಈ ಎರಡು ಲೋಕಗಳನ್ನು ಕೂಡಿಸುವ ಕೆಲಸವನ್ನು ಜನರೇ ಶುರುಮಾಡಿದರು. ರೈಸ್‌ರ ಒಂಬತ್ತನೆಯ ಸಂಪುಟ ಹಿಡಿದು, ಒಂದೊಂದು ಹಳ್ಳಿಯ ಹೆಸರನ್ನೂ ಇಂದಿನ ಬಡಾವಣೆಯ ಜೊತೆ ಹೊಂದಿಸಿ, ಕಲ್ಲು ಇದೆಯೋ ಹೋಯಿತೋ ಎಂದು ಹವ್ಯಾಸಿಗಳು ಬೀದಿ ಬೀದಿ ಸುತ್ತಿದರು. 2018ರಲ್ಲಿ ಹೆಬ್ಬಾಳದಲ್ಲಿ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಗಂಗರ ಶ್ರೀಪುರುಷನ ಕಾಲದ, ಎಂಟನೆಯ ಶತಮಾನದ ಕಲ್ಲು ಅದು. ನಗರದ ಅತ್ಯಂತ ಹಳೆಯ ಕನ್ನಡ ಬರಹಗಳಲ್ಲಿ ಒಂದು. ಊರಿನವರು ಅದಕ್ಕೊಂದು ಮಂಟಪ ಕಟ್ಟಿದರು. ಮುಂದೆ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮಾಡಿ, ನಿಖರ ಸ್ಥಳದೊಂದಿಗೆ ಎಲ್ಲರಿಗೂ ಸಿಗುವಂತೆ ಇಡುವ ಯೋಜನೆ ಕೈಗೊಂಡಿತು. ಉಳಿದ ಜಿಲ್ಲೆಗಳಲ್ಲೂ ಇದು ಆಗಬೇಕು. ಕಾಲೇಜುಗಳ ಇತಿಹಾಸ ವಿಭಾಗಗಳು, ಎನ್ನೆಸ್ಸೆಸ್ ಘಟಕಗಳು ಒಂದೊಂದು ಹೋಬಳಿ ಹಿಡಿದರೂ ಸಾಕು.

ಸ್ಥಳವನ್ನು ಬಹಿರಂಗಪಡಿಸಿದರೆ ನಿಧಿಗಳ್ಳರಿಗೆ ದಾರಿ ತೋರಿಸಿದಂತೆ ಎಂಬ ಆಕ್ಷೇಪ ಇದೆ. ಅದನ್ನು ತಳ್ಳಿಹಾಕಲಾಗದು. ನಂದಿಯ ಬೆನ್ನು ಸೀಳಿದ, ಗರ್ಭಗುಡಿ ಅಗೆದ ದೃಶ್ಯವನ್ನು ನಮ್ಮ ಹಳ್ಳಿಗಳಲ್ಲಿ ನೋಡದವರು ಯಾರು? ಆದರೆ 2019ರ ಜುಲೈನಲ್ಲಿ ನಿಧಿಗಳ್ಳರು ಒಡೆದದ್ದು ಆನೆಗೊಂದಿಯ ನವವೃಂದಾವನದ ವ್ಯಾಸರಾಜರ ವೃಂದಾವನವನ್ನು. ಅದು ನಾಡಿಗೆಲ್ಲ ಗೊತ್ತಿದ್ದ ಜಾಗ. ಒಡೆದ ಬೆಳಿಗ್ಗೆಯೇ ಸುದ್ದಿ ಹರಡಿತು, ಭಕ್ತರು ಸೇರಿ ಕೂಡಲೇ ಮರಳಿ ಕಟ್ಟಿದರು, ಆರೋಪಿಗಳು ಸಿಕ್ಕಿಬಿದ್ದರು. ಯಾವ ದಾಖಲೆಯಲ್ಲೂ ಇಲ್ಲದ ಗುಡಿಯನ್ನು ಒಡೆದರೆ ದೂರು ಕೊಡುವಾಗ ಅಲ್ಲಿ ಏನಿತ್ತು ಎಂದು ತೋರಿಸಲು ಒಂದು ಫೋಟೊ ಕೂಡ ಇರುವುದಿಲ್ಲ. ಇನ್ನೂ ಅಗೆಯದ ಕಲ್ಗೋರಿಗಳ ನಿಖರ ಸ್ಥಳವನ್ನು ಸಾರ್ವಜನಿಕ ನಕ್ಷೆಯಲ್ಲಿ ಹಾಕದಿರಲಿ, ಗ್ರಾಮದ ಹೆಸರಿಗೆ ನಿಲ್ಲಿಸಲಿ. ಕಂದಾಯದ ಕಡತದಲ್ಲಿ ಸರ್ವೆ ನಂಬರು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಳುವ ಹಕ್ಕು

ರಕ್ಷಿತ ಸ್ಮಾರಕದ ಮಟ್ಟಿಗೆ ಕೇಳಬೇಕಾದ ಕಾಗದ ಒಂದೇ, ಅಧಿಸೂಚನೆ. 1958ರ ಕೇಂದ್ರ ಕಾಯ್ದೆಯ ಪ್ರಕಾರ ಸರ್ಕಾರ ಒಂದು ಸ್ಮಾರಕವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸುವ ಮುನ್ನ ರಾಜಪತ್ರದಲ್ಲಿ ಎರಡು ತಿಂಗಳ ನೋಟಿಸ್ ಕೊಡಬೇಕು, ಅದರ ಪ್ರತಿಯನ್ನು ಸ್ಮಾರಕದ ಹತ್ತಿರ ಎದ್ದು ಕಾಣುವ ಜಾಗದಲ್ಲಿ ಅಂಟಿಸಬೇಕು. ರಾಜ್ಯದ 1961ರ ಕಾಯ್ದೆಯೂ ಅದೇ ಜಾಡಿನದು. 2010ರ ತಿದ್ದುಪಡಿಯಿಂದ ಕೇಂದ್ರ ರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಇಲ್ಲಿ ಗಡಿ ಎಂದರೆ ಗುಡಿಯ ಗೋಡೆಯಲ್ಲ, ಅಧಿಸೂಚನೆ ಹೇಳುವ ರಕ್ಷಿತ ಪ್ರದೇಶದ ಗಡಿ. ಪಕ್ಕದಲ್ಲಿ ಮನೆ ಕಟ್ಟಿಕೊಳ್ಳಬೇಕೆನ್ನುವ ಬಡವನಿಗೂ, ಸ್ಮಾರಕ ಉಳಿಯಬೇಕೆನ್ನುವವರಿಗೂ ಆ ಗಡಿಯ ನಕ್ಷೆಯೇ ಆಧಾರ. ಅದು ಊರಿನ ಕೈಯಲ್ಲಿ ಇಲ್ಲದಿರುವುದರಿಂದಲೇ ಎಷ್ಟೋ ಕಡೆ ಜನ ಪುರಾತತ್ವ ಇಲಾಖೆಯನ್ನು ಶತ್ರುವಿನಂತೆ ನೋಡುತ್ತಾರೆ. ಅಧಿಸೂಚನೆ ಮತ್ತು ನಕ್ಷೆಯನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ತೂಗುಹಾಕಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕೇಂದ್ರ ಇಲಾಖೆಯಾದರೆ ಬೆಂಗಳೂರು, ಧಾರವಾಡ, ಹಂಪಿ ವೃತ್ತಗಳಲ್ಲಿ ನಿಮ್ಮ ಜಿಲ್ಲೆ ಎಲ್ಲಿಗೆ ಸೇರುತ್ತದೋ ಅಲ್ಲಿಗೆ, ರಾಜ್ಯದ್ದಾದರೆ ಮೈಸೂರಿನಲ್ಲಿ ಕೇಂದ್ರ ಕಚೇರಿಯಿರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಬರೆಯಬೇಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ ನಮ್ಮೂರಿನ ಸ್ಮಾರಕಗಳ ಬಗ್ಗೆ ಇರುವ ಎಲ್ಲ ಮಾಹಿತಿ ಕೊಡಿ ಎಂದು ಬರೆಯುವುದು ವ್ಯರ್ಥ. ಇಂಥ ಗ್ರಾಮದ ಇಂಥ ದೇವಾಲಯದ ಅಧಿಸೂಚನೆಯ ಸಂಖ್ಯೆ, ದಿನಾಂಕ, ಸರ್ವೆ ನಂಬರು, ಗಡಿ ನಕ್ಷೆಯ ಪ್ರತಿ ಎಂದು ಕೇಳಿದರೆ ಕಚೇರಿಯವರಿಗೂ ಯಾವ ಕಡತ ತೆಗೆಯಬೇಕೆಂದು ತಿಳಿಯುತ್ತದೆ. ಪ್ರತಿ ಬೇಡ, ಕಡತವನ್ನೇ ಕೂತು ನೋಡುತ್ತೇನೆ ಎಂದು ಕೇಳುವ ಹಕ್ಕೂ ಕಾಯ್ದೆಯಲ್ಲಿದೆ. ನನ್ನ ಅನುಭವದಲ್ಲಿ ಅದೇ ಹೆಚ್ಚು ಫಲ ಕೊಡುವ ದಾರಿ. ಕಡತದ ನಡುವೆ ಯಾರೋ ಹಳೆಯ ಅಧಿಕಾರಿ ಪೆನ್ಸಿಲಿನಲ್ಲಿ ಬರೆದಿಟ್ಟ ಸ್ಥಳದ ರೇಖಾಚಿತ್ರ ಯಾವ ಅರ್ಜಿಗೂ ಉತ್ತರವಾಗಿ ಬರುವುದಿಲ್ಲ.

ಪೇಟೆಯ ಹಳೆಯ ಕಟ್ಟಡಗಳ ಕಥೆ ಇನ್ನೂ ಕಷ್ಟದ್ದು. ಲಾಲ್‌ಬಾಗಿನ ಕ್ರುಂಬಿಗಲ್ ಸಭಾಂಗಣ 2017ರಲ್ಲಿ ನೆಲಸಮವಾಯಿತು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು, ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಇಂಥ ಕಟ್ಟಡಗಳ ಕಾಗದಗಳು ಪುರಾತತ್ವ ಇಲಾಖೆಗಿಂತ ಹೆಚ್ಚಾಗಿ ಲೋಕೋಪಯೋಗಿ ಇಲಾಖೆ, ಪಾಲಿಕೆ, ಕಟ್ಟಡದ ಒಡೆತನವಿರುವ ಇಲಾಖೆಗಳಲ್ಲಿ ಚದುರಿರುತ್ತವೆ. ಹಳೆಯ ಸರ್ಕಾರಿ ಆದೇಶಗಳಿಗೆ, ಸಂಸ್ಥಾನದ ಕಾಲದ ಕಡತಗಳಿಗೆ ರಾಜ್ಯ ಪತ್ರಾಗಾರಕ್ಕೇ ಹೋಗಬೇಕು. ವಿಧಾನಸೌಧದಲ್ಲಿರುವ ಅದರ ಓದುವ ಕೋಣೆಗೆ ಬರುವ ಪಿಎಚ್‌ಡಿ ವಿದ್ಯಾರ್ಥಿಗಳ ಜೊತೆ, ತಮ್ಮ ಬೀದಿಯ ಕಟ್ಟಡವೊಂದರ ಹುಟ್ಟು ಕೇಳಿಕೊಂಡು ಬರುವ ಸಾಮಾನ್ಯರೂ ಕೂರುವಂತಾಗಬೇಕು.

ಇನ್ನು ಯಾವ ಸಂಪುಟದಲ್ಲೂ, ಯಾವ ಪಟ್ಟಿಯಲ್ಲೂ ಇಲ್ಲದ್ದು ಸಿಕ್ಕರೆ? ಮೊದಲು ಊರಿನ ಹಿರಿಯರನ್ನು ಕೇಳಬೇಕು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಸುತ್ತ ಶಿಲಾ ಸಮಾಧಿಗಳನ್ನು ಜನ ಮೋರೇರ ಮನೆ ಎನ್ನುತ್ತಾರೆ, ಬೇರೆ ಕಡೆ ಅವೇ ಪಾಂಡವರ ಗುಡಿ. ಆ ಹೆಸರನ್ನು ಹಾಗೆಯೇ ಬರೆದುಕೊಳ್ಳಬೇಕು, ಹಳೆಯ ವರದಿಗಳಲ್ಲಿ ಅದೇ ಹೆಸರಿನಿಂದ ಸಿಕ್ಕರೂ ಸಿಗಬಹುದು. ಕಲ್ಲನ್ನು ತೊಳೆಯಲು, ಎತ್ತಿ ನಿಲ್ಲಿಸಲು, ಅಕ್ಷರದ ಮೇಲೆ ಸೀಮೆಸುಣ್ಣ ತಿಕ್ಕಲು ಹೋಗಬಾರದು. ಇಳಿಬಿಸಿಲಿನಲ್ಲಿ ಓರೆ ಬೆಳಕು ಬಿದ್ದಾಗ ನಾಲ್ಕೂ ಕಡೆಯಿಂದ ಫೋಟೊ, ಪಕ್ಕದಲ್ಲೊಂದು ಅಳತೆಪಟ್ಟಿ, ಸರ್ವೆ ನಂಬರು, ಗ್ರಾಮ ನಕ್ಷೆಯ ಮೇಲೆ ಒಂದು ಗುರುತು. ಇಷ್ಟನ್ನು ಸೇರಿಸಿ ರಾಜ್ಯ ಪುರಾತತ್ವ ಇಲಾಖೆಗೆ ಬರೆದು, ಒಂದು ಪ್ರತಿಯನ್ನು ತಹಶೀಲ್ದಾರರಿಗೂ ಇನ್ನೊಂದನ್ನು ಗ್ರಾಮ ಪಂಚಾಯಿತಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು.

ಆ ಪತ್ರದಲ್ಲಿ ಇನ್ನೊಂದು ಬೇಡಿಕೆ ಇರಲಿ. ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ, ಕೋರ್ಟಿನ ತಡೆಯಾಜ್ಞೆ, ಸರ್ಕಾರದ ನಿರ್ಬಂಧ ಎಲ್ಲವನ್ನೂ ನಮೂದಿಸುತ್ತಾರೆ. ಜಮೀನು ಕೊಳ್ಳುವವರು, ಮಾರುವವರು, ಪರವಾನಗಿ ಕೊಡುವವರು ಎಲ್ಲರೂ ತಪ್ಪದೆ ನೋಡುವ ಕಾಲಂ ಅದು. ಈ ಸರ್ವೆ ನಂಬರಿನಲ್ಲಿ ಇಂಥ ಶತಮಾನದ ವೀರಗಲ್ಲು ಇದೆ, ಶಾಸನ ಸಂಪುಟದಲ್ಲಿ ಇಂಥ ಸಂಖ್ಯೆ ಎಂದು ಅಲ್ಲೊಂದು ಸಾಲು ಬರೆಯಬೇಕು. ರೈತನ ಹಕ್ಕಿಗೆ ಇದರಿಂದ ಕುಂದಿಲ್ಲ, ಅವನು ಮೊದಲಿನಂತೆ ಉಳುತ್ತಾನೆ. ಹೊಸ ಕಾಯ್ದೆ ಬೇಡ, ಹೊಸ ಅನುದಾನ ಬೇಡ. ಎರಡು ಇಲಾಖೆಗಳು ಜಿಲ್ಲಾಧಿಕಾರಿಗಳ ಮುಂದೆ ಕೂತು, ರೈಸ್‌ರ ಪಟ್ಟಿಯನ್ನೂ ಗ್ರಾಮ ನಕ್ಷೆಯನ್ನೂ ಪಕ್ಕಪಕ್ಕ ಹರಡಿಕೊಂಡು, ಹೋಬಳಿಗೊಂದರಂತೆ ಮುಗಿಸುತ್ತ ಹೋದರೆ ಆಗುವ ಕೆಲಸ ಇದು.